ಉಂಗುರ ಕಂಡ ಮಾತ್ರಕ್ಕೆ ಗ್ರಹ ಇದೆ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಪರದೆ ಮೇಲಿರುವ ಈ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಎಚ್‌ಎಲ್ ಟೌ ಅನ್ನುವ ನಕ್ಷತ್ರದ ಸುತ್ತ ಇರುವ, ಗ್ರಹಗಳು ಹುಟ್ಟುವಂಥ ದೂಳಿನ ತಟ್ಟೆ ಇದು. ವೃಷಭ ರಾಶಿಯ ದಿಕ್ಕಿನಲ್ಲಿ, ಸುಮಾರು 450 ಜ್ಯೋತಿರ್ವರ್ಷ ದೂರದಲ್ಲಿದೆ. ನಕ್ಷತ್ರಕ್ಕೆ ಹೆಚ್ಚೆಂದರೆ ಹತ್ತು ಲಕ್ಷ ವರ್ಷ ಆಗಿರಬಹುದು, ಸೂರ್ಯನಿಗೆ 460 ಕೋಟಿ ಆಗಿದೆ, ಆ ಲೆಕ್ಕದಲ್ಲಿ ಇದಿನ್ನೂ ಕೂಸು. ಕಿತ್ತಳೆ ಬಣ್ಣ ನಿಜವಲ್ಲ, ನಮ್ಮ ಕಣ್ಣಿಗಾಗಿ ಹಚ್ಚಿದ್ದು.

2014ರ ನವೆಂಬರ್‌ನಲ್ಲಿ ಇದು ಹೊರಬಂದಾಗ ಖಗೋಳದವರೇ ದಂಗಾದರು. ಇಷ್ಟು ಎಳೆಯ ನಕ್ಷತ್ರದ ಸುತ್ತ ಇಷ್ಟು ಅಚ್ಚುಕಟ್ಟಾದ ಉಂಗುರಗಳನ್ನು ಯಾರೂ ನಿರೀಕ್ಷಿಸಿರಲಿಲ್ಲ.

ತೆಗೆದದ್ದು ಚಿಲಿ ದೇಶದ ಅಟಕಾಮಾ ಮರುಭೂಮಿಯಲ್ಲಿರುವ ಆಲ್ಮಾ ಅನ್ನುವ ರೇಡಿಯೋ ದೂರದರ್ಶಕ. 66 ಆಂಟೆನಾಗಳು, 5000 ಮೀಟರ್ ಎತ್ತರ. ಅಷ್ಟು ಮೇಲೆ ಯಾಕೆ? ಆಲ್ಮಾ ಹಿಡಿಯುವ ಮಿಲಿಮೀಟರ್ ಉದ್ದದ ರೇಡಿಯೋ ಅಲೆಗಳನ್ನು ಗಾಳಿಯಲ್ಲಿರುವ ನೀರಾವಿ ನುಂಗಿಬಿಡುತ್ತದೆ, ಅಲ್ಲಿ ಅದು ತೀರಾ ಕಡಿಮೆ. ಈ ಚಿತ್ರಕ್ಕೆ ಆಂಟೆನಾಗಳನ್ನು 15 ಕಿಲೋಮೀಟರ್‌ವರೆಗೆ ಹರಡಿ ಇಟ್ಟಿದ್ದರು. ಅವು ಎಷ್ಟು ದೂರ ದೂರ ಇದ್ದರೆ ಅಷ್ಟು ಸಣ್ಣ ವಿವರ ಸಿಗುತ್ತದೆ. ಕ್ಯಾಮೆರಾದಲ್ಲಿ ಕ್ಲಿಕ್ ಮಾಡಿದ ಫೋಟೋ ಅಲ್ಲ ಇದು, ಒಂದೊಂದು ಜೋಡಿ ಆಂಟೆನಾಗೆ ಸಿಕ್ಕ ಸಂಕೇತವನ್ನೂ ಕೂಡಿಸಿ ಕಂಪ್ಯೂಟರ್ ಕಟ್ಟಿದ್ದು.

ಆಲ್ಮಾಗೆ ಕಾಣುವುದು ದೂಳು ತಾನೇ ಸೂಸುವ ಶಾಖ, ಅದರಲ್ಲೂ ಮರಳಿನ ಕಾಳಿನಷ್ಟು ದಪ್ಪದ ಕಣಗಳದ್ದು ಜಾಸ್ತಿ. ಚಿಲಿಯಲ್ಲೇ ಇರುವ ವಿಎಲ್‌ಟಿ ದೂರದರ್ಶಕದ ಸ್ಫಿಯರ್ ಉಪಕರಣದ ದಾರಿ ಬೇರೆ. ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡುತ್ತೇವಲ್ಲ, ಹಾಗೆ ಅದು ನಕ್ಷತ್ರವನ್ನು ಮರೆಮಾಡಿ, ಪಕ್ಕದ ನುಣ್ಣನೆ ದೂಳಿನ ಮೇಲೆ ಬಿದ್ದು ಚದುರಿದ ಬೆಳಕನ್ನು ಹಿಡಿಯುತ್ತದೆ. ನುಣ್ಣನೆ ದೂಳು ತಟ್ಟೆಯಲ್ಲಿರುವ ಅನಿಲದ ಜೊತೆ ಮೇಲೆ ತೇಲುತ್ತದೆ, ದಪ್ಪ ಕಣಗಳು ನಡುವಿನ ಮಟ್ಟಕ್ಕೆ ಇಳಿದು ಕೂರುತ್ತವೆ. ಹಾಗಾಗಿ ಐಎಂ ಲೂಪಿ ಅನ್ನುವ ಇನ್ನೊಂದು ನಕ್ಷತ್ರದ ಸುತ್ತ ಸ್ಫಿಯರ್‌ನಲ್ಲಿ ನೋಡಿದರೆ ಅಂಚು ಮೇಲೆದ್ದ ದಪ್ಪ ತಟ್ಟೆ, ಆಲ್ಮಾದಲ್ಲಿ ನೋಡಿದರೆ ಚಪ್ಪಟೆ ತಟ್ಟೆಯೊಳಗೆ ಸುರುಳಿ! ಎರಡೂ ನಿಜವೇ.

ಈಗ ಎಚ್‌ಎಲ್ ಟೌ ಚಿತ್ರದಲ್ಲಿ ಉಂಗುರಗಳ ನಡುವೆ ಕಾಣುವ ಕಪ್ಪು ಗೆರೆಗಳಿಗೆ ಬರೋಣ. ಗ್ರಹ ಸುತ್ತುತ್ತಾ ದಾರಿ ಖಾಲಿ ಮಾಡಿದೆ ಅಂತ ಪತ್ರಿಕೆಗಳು ಥಟ್ಟನೆ ಬರೆದುಬಿಡುತ್ತವೆ. ಇರಬಹುದು. ಆದರೆ ಅನಿಲದ ಒತ್ತಡ ಎಲ್ಲಾದರೂ ಉಬ್ಬಿದರೂ ಸಾಕು, ನಕ್ಷತ್ರದ ಕಡೆ ಜಾರುತ್ತಿದ್ದ ಕಣಗಳು ಅಲ್ಲೇ ಸಿಕ್ಕಿಬಿದ್ದು ಉಂಗುರ ಆಗುತ್ತದೆ. ಆ ಉಬ್ಬು ಗ್ರಹದಿಂದಲೂ ಬರಬಹುದು, ಕಾಂತಕ್ಷೇತ್ರದಿಂದಲೂ ಬರಬಹುದು. ಉಂಗುರ ಕಂಡಿತು ಅಂತ ಗ್ರಹ ಎಣಿಸಲು ಕೂತರೆ ಅವಸರ ಆಯಿತು, ಅಲ್ವಾ? ಎಚ್‌ಎಲ್ ಟೌ ಸುತ್ತಲಿನ ಸಂದುಗಳಲ್ಲಿ ಖಚಿತವಾಗಿ ಒಂದು ಗ್ರಹವೂ ಇದುವರೆಗೆ ಕಂಡಿಲ್ಲ.

ಗ್ರಹ ಕಂಡಿರುವ ಒಂದು ಜಾಗ ಪಿಡಿಎಸ್ 70 ಅನ್ನುವ ನಕ್ಷತ್ರ. ಸುಮಾರು 370 ಜ್ಯೋತಿರ್ವರ್ಷ ದೂರ. ತಟ್ಟೆಯ ನಡುವಿನ ದೊಡ್ಡ ಖಾಲಿ ಜಾಗದಲ್ಲಿ 2018ರಲ್ಲಿ ಒಂದು ಗ್ರಹ ಸಿಕ್ಕಿತು, ಮರುವರ್ಷ ಇನ್ನೊಂದು. ಆ ಎರಡನೆಯದರ ಸುತ್ತಲೂ ಅದರದ್ದೇ ಪುಟ್ಟ ದೂಳಿನ ತಟ್ಟೆ ಇದೆ ಅಂತ 2021ರಲ್ಲಿ ಆಲ್ಮಾ ತೋರಿಸಿತು. ಅದರಲ್ಲಿರುವ ದೂಳು ನಮ್ಮ ಚಂದ್ರನಂಥ ಮೂರು ಉಪಗ್ರಹ ಮಾಡುವಷ್ಟು ಇರಬಹುದು ಅನ್ನುವುದು ಅಂದಾಜು.