ಗ್ವಾಯಸಮೀನ್ ಬರೆದ ಕೈಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಬಾನುಲಿಯಲ್ಲಿ ಚಿತ್ರ ತೋರಿಸಲು ಆಗುವುದಿಲ್ಲ. ಆದರೂ ಇವತ್ತು ಒಬ್ಬ ಚಿತ್ರಕಾರರ ಬಗ್ಗೆ ಮಾತಾಡುತ್ತೇನೆ. ಸುಮ್ನೆ ನಿಮ್ಮ ಎರಡೂ ಕೈಗಳನ್ನು ಮುಖಕ್ಕೆ ಅಡ್ಡ ಹಿಡಿದುಕೊಳ್ಳಿ. ಆ ಬೆರಳುಗಳು ಇನ್ನೂ ಉದ್ದ, ಮೂಳೆ ಎಣಿಸುವಷ್ಟು ಒಣಗಿವೆ ಅಂದುಕೊಳ್ಳಿ. ಬೆರಳ ಸಂದಿಯಿಂದ ಒಂದು ಕಣ್ಣು ಮಾತ್ರ ನೋಡುತ್ತಿದೆ. ಓಸ್ವಾಲ್ಡೋ ಗ್ವಾಯಸಮೀನ್ ಬರೆದ ಮನುಷ್ಯರು ಹೀಗಿರುತ್ತಾರೆ.

ಅವರು ಹುಟ್ಟಿದ್ದು 1919ರ ಜುಲೈ 6ರಂದು, ದಕ್ಷಿಣ ಅಮೆರಿಕದ ಈಕ್ವೆಡಾರ್‌ನಲ್ಲಿ, ಆಂಡೀಸ್ ಬೆಟ್ಟಗಳ ನಡುವಿನ ರಾಜಧಾನಿ ಕೀಟೋದಲ್ಲಿ. ಹತ್ತು ಮಕ್ಕಳಲ್ಲಿ ಇವರೇ ಹಿರಿಯರು. ತಂದೆ ಅಲ್ಲಿನ ಮೂಲನಿವಾಸಿ, ಬಡಗಿ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ಬಡತನ.

1932ರಲ್ಲಿ ಕೀಟೋ ಬೀದಿಗಳಲ್ಲಿ ನಾಲ್ಕು ದಿನ ಗುಂಡಿನ ಕಾಳಗ ನಡೆಯಿತು. ಹುಡುಗನಿಗೆ ಆಗ 13 ವರ್ಷ. ಅವನ ಜೀವದ ಗೆಳೆಯ ಗುಂಡೇಟಿಗೆ ಸತ್ತುಹೋದ. ಸುಮಾರು ಹತ್ತು ವರ್ಷ ಆ ನೋವು ಒಳಗೇ ಇತ್ತು. ಆಮೇಲೆ ‘ಸತ್ತ ಮಕ್ಕಳು’ ಎಂಬ ಚಿತ್ರವಾಗಿ ಹೊರಗೆ ಬಂತು. ಒಂದರ ಮೇಲೊಂದು ಬಿದ್ದಿರುವ ಎಳೆಯ ದೇಹಗಳು, ಅಷ್ಟೇ.

1942ರಲ್ಲಿ ಕೀಟೋದಲ್ಲಿ ಮೊದಲ ಪ್ರದರ್ಶನ. ಊರಿನ ದೊಡ್ಡವರು ಗದ್ದಲ ಎಬ್ಬಿಸಿದರು. ಆದರೆ ಅಲ್ಲಿಗೆ ಬಂದಿದ್ದ ಅಮೆರಿಕದ ಸಿರಿವಂತ ನೆಲ್ಸನ್ ರಾಕ್‌ಫೆಲ್ಲರ್ ಕೆಲವು ಚಿತ್ರಗಳನ್ನು ಕೊಂಡರು. ಅದರಿಂದ ಹೊರಜಗತ್ತಿನ ಬಾಗಿಲು ತೆರೆಯಿತು. ಮೆಕ್ಸಿಕೋದಲ್ಲಿ ಗೋಡೆಚಿತ್ರಗಳ ದೊಡ್ಡ ಕಲಾವಿದ ಓರೋಸ್ಕೋ ಜೊತೆ ಒಡನಾಟ ಬೆಳೆಯಿತು. ಆಮೇಲೆ ದಕ್ಷಿಣ ಅಮೆರಿಕದ ಊರೂರು ಅಲೆದರು. ಗಣಿ, ಗದ್ದೆ, ಸಂತೆ, ಎಲ್ಲಿ ಹೋದರೂ ತಮ್ಮ ತಂದೆಯಂಥ ಮುಖಗಳೇ ಕಂಡವು. ಆ ಅಲೆದಾಟದ ಫಲವೇ ‘ಕಣ್ಣೀರಿನ ದಾರಿ’. 103 ಚಿತ್ರಗಳ ಸರಣಿ. ಹೆಸರು ಇಟ್ಟಿದ್ದು ಸ್ಪ್ಯಾನಿಷ್‌ನಲ್ಲಲ್ಲ, ಮೂಲನಿವಾಸಿಗಳ ಕೀಚ್ವಾ ನುಡಿಯಲ್ಲಿ. ಎಂಥ ಮಾತು, ಅಲ್ವಾ?

1957ರಲ್ಲಿ ಬ್ರೆಜಿಲ್‌ನ ಸಾವೊ ಪಾವ್ಲೊ ಪ್ರದರ್ಶನದಲ್ಲಿ ದಕ್ಷಿಣ ಅಮೆರಿಕದ ಅತ್ಯುತ್ತಮ ಚಿತ್ರಕಾರ ಎಂಬ ಪ್ರಶಸ್ತಿಯೂ ಬಂತು. ಇನ್ನು ಆರಾಮಾಗಿ ಇರಬಹುದಿತ್ತು. ಅವರು ‘ಸಿಟ್ಟಿನ ಕಾಲ’ ಎಂಬ ಸರಣಿಗೆ ಕೈಹಾಕಿದರು. ಯುದ್ಧಗಳು, ಯಾತನಾ ಶಿಬಿರಗಳು, ಸರ್ವಾಧಿಕಾರಿಗಳು, ಹೀಗೆ ಇಪ್ಪತ್ತನೇ ಶತಮಾನದ ಕ್ರೌರ್ಯವೆಲ್ಲ ಅದರಲ್ಲಿದೆ. ಬಣ್ಣ ಜಾಸ್ತಿ ಇಲ್ಲ. ಕಪ್ಪು, ಬೂದಿ, ಕಾವಿ, ನಡುವೆ ಒಂದಿಷ್ಟು ಕೆಂಪು.

ನನ್ನನ್ನು ಬಿಡದೆ ಕಾಡುವುದು ಅದರೊಳಗಿನ ‘ಕೈಗಳು’. ಬೇಡುವ ಕೈ, ಅಳುವ ಕೈ, ಕಿರುಚುವ ಕೈ, ಪ್ರಾರ್ಥಿಸುವ ಕೈ, ಪ್ರತಿಭಟಿಸುವ ಕೈ. ಎಷ್ಟು ಸಿಕ್ಕರೂ ಸಾಲದ ಕೈಯೂ ಇದೆ. ಬಾಯಿ ತೆರೆಯಲಾಗದವರ ಪಾಲಿಗೆ ಕೈಯೇ ನಾಲಿಗೆ. ಅದನ್ನು ಅವರಷ್ಟು ಬಲ್ಲವರು ಕಡಿಮೆ.

ಕೊನೆಗಾಲದಲ್ಲಿ ಕೀಟೋದ ತಮ್ಮ ಮನೆಯ ಪಕ್ಕದಲ್ಲೇ ‘ಮನುಷ್ಯನ ಗುಡಿ’ ಕಟ್ಟಿಸತೊಡಗಿದರು. ಹೆಸರಿಗೆ ಗುಡಿ, ಅಲ್ಲಿ ದೇವರ ವಿಗ್ರಹವಿಲ್ಲ. ಗುಮ್ಮಟದ ಒಳಮೈಯಲ್ಲಿ ಪೊಟೋಸಿಯ ಗಣಿಗಾರರು ಬೆಳಕಿನ ಕಡೆಗೆ ಕೈಚಾಚಿದ್ದಾರೆ. ಪೊಟೋಸಿ ಎಂದರೆ ಬೊಲಿವಿಯಾದ ಬೆಳ್ಳಿಬೆಟ್ಟ. ಸ್ಪೇನ್ ಆಳುತ್ತಿದ್ದಾಗ ಮೂಲನಿವಾಸಿಗಳನ್ನು ಬಲವಂತವಾಗಿ ಅಲ್ಲಿ ದುಡಿಸಿದರು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ. ಇವರಿಗೆ ಕೆಸರು ಮಾತ್ರ ಉಳಿಯಿತು. ಮೊಸರು ಹಡಗು ಹತ್ತಿ ಹೋಯಿತು.

ಗುಡಿ ಮುಗಿಯುವುದನ್ನು ಅವರು ನೋಡಲಿಲ್ಲ. 1999ರ ಮಾರ್ಚ್ 10ರಂದು ಅಮೆರಿಕದ ಬಾಲ್ಟಿಮೋರ್‌ನಲ್ಲಿ ತೀರಿಕೊಂಡರು. ಗುಡಿಯ ಬಾಗಿಲು ತೆರೆದದ್ದು 2002ರಲ್ಲಿ.

ಅವರ ಬೂದಿಯನ್ನು ಮಣ್ಣಿನ ಮಡಕೆಯಲ್ಲಿಟ್ಟು, ಅವರೇ ಮನೆಯಂಗಳದಲ್ಲಿ ನೆಟ್ಟಿದ್ದ ಪೈನ್ ಮರದ ಬುಡದಲ್ಲಿ ಹೂತಿದ್ದಾರೆ. ‘ಒಂದು ದೀಪ ಹಚ್ಚಿಡಿ, ನಾನು ಮತ್ತೆ ಮತ್ತೆ ಬರುತ್ತೇನೆ’ ಎಂದು ಅವರು ಹೇಳಿದ್ದರು. ಗುಡಿಯೊಳಗೆ ಆ ದೀಪ ಉರಿಯುತ್ತಿದೆ. ಹತ್ತು ವರ್ಷದ ಮೇಲೆ, 2009ರಲ್ಲಿ, ಗೆಳೆಯ ಮತ್ತು ಕವಿ ಹೋರ್ಹೆ ಎನ್ರೀಕೆ ಅಡೋಮ್ ತೀರಿಕೊಂಡರು. ಅವರ ಬೂದಿಯ ಮಡಕೆಯನ್ನೂ ಅದೇ ಮರದ ಕೆಳಗೆ, ಗೆಳೆಯನ ಪಕ್ಕದಲ್ಲೇ ಇಟ್ಟರು.

ನಮಸ್ಕಾರ.