ಟಿವಿಗೆ ಇನ್ನೂ ಮಾತು ಬರುವ ಮೊದಲೇ ಟಿವಿ ತೋರಿಸಿದ ಸಿನಿಮಾ: 'ಎಲ್‌ಸ್ಟ್ರೀ ಕಾಲಿಂಗ್'

(ಪರದೆಯಲ್ಲಿ: ಪೆಟ್ಟಿಗೆಯೊಂದರ ಜೊತೆ ಗುದ್ದಾಡುತ್ತಿರುವ ಮನುಷ್ಯ)

ನಮಸ್ಕಾರ. ಈ ನಟನ ಹೆಸರು ಗೋರ್ಡನ್ ಹಾರ್ಕರ್. ಅವರು ರಿಪೇರಿ ಮಾಡ್ತಾ ಇರೋದು ಟಿವಿಯನ್ನು. ಸಿನಿಮಾ ಬಂದಿದ್ದು 1930ರ ಫೆಬ್ರವರಿಯಲ್ಲಿ!

ಲಂಡನ್ ಹತ್ತಿರದ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ಬ್ರಿಟಿಷ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಕಂಪನಿ ಮಾಡಿದ ರೆವ್ಯೂ ಸಿನಿಮಾ ಇದು. ರೆವ್ಯೂ ಅಂದರೆ ಕಥೆ ಇಲ್ಲ. ಒಂದು ಹಾಡು, ಒಂದು ಕುಣಿತ, ಒಂದು ನಗೆ ಪ್ರಸಂಗ, ಮತ್ತೆ ಹಾಡು. ಟಾಕಿ, ಅಂದರೆ ಮಾತಿನ ಸಿನಿಮಾ, ಆಗಷ್ಟೇ ಬಂದಿತ್ತು. ಹಾಲಿವುಡ್‌ನವರು ದುಡ್ಡು ಸುರಿದು ಇಂಥವನ್ನು ತೆಗೆಯುತ್ತಿದ್ದರು. ಎಲ್‌ಸ್ಟ್ರೀಯಲ್ಲಿ ಕೈ ಬಿಗಿ. ಎಷ್ಟೋ ಕಡೆ ಕ್ಯಾಮೆರಾ ಸುಮ್ನೆ ಎದುರಿಗೆ ನಿಂತು ನೋಡುತ್ತದೆ, ಅಷ್ಟೇ. ಕೆಲವು ದೃಶ್ಯಗಳಿಗೆ ಮಾತ್ರ ಸ್ಟೆನ್ಸಿಲ್ ಇಟ್ಟು ಬಣ್ಣ ತುಂಬಿದ್ದಾರೆ.

ಬಿಡಿ ಐಟಂಗಳನ್ನು ಪೋಣಿಸಲು ಒಂದು ದಾರ ಬೇಕಲ್ವಾ? ಅದೇ ಟಿವಿ. ಇಡೀ ಕಾರ್ಯಕ್ರಮ ಎಲ್‌ಸ್ಟ್ರೀಯಿಂದ ಮನೆಮನೆಗೆ ಪ್ರಸಾರ ಆಗ್ತಿದೆ ಅನ್ನೋದು ಕಲ್ಪನೆ. ನಿರೂಪಕರು ಟಾಮಿ ಹ್ಯಾಂಡ್ಲಿ. ಹಾರ್ಕರ್ ಮನೆಯ ಟಿವಿ ಮಾತ್ರ ಸತಾಯಿಸುತ್ತದೆ.

ಈಗ ನಿಜವಾದ ಟಿವಿ ಹೇಗಿತ್ತು ಕೇಳಿ. ಟಿವಿ ಸಂಶೋಧಕ ಜಾನ್ ಲೋಗಿ ಬೇರ್ಡ್ ಅವರ ಟಿವಿಯಲ್ಲಿ ಇಡೀ ಚಿತ್ರ ಮೂಡುತ್ತಿದ್ದದ್ದು ಬರೀ 30 ಗೆರೆಗಳಲ್ಲಿ. ಬಿಬಿಸಿಯ ಒಂದೇ ಟ್ರಾನ್ಸ್‌ಮಿಟರ್‌ನಿಂದ ಪ್ರಸಾರ, ಅದು ಒಂದು ಸಲಕ್ಕೆ ಚಿತ್ರ ಇಲ್ಲವೇ ದನಿ, ಒಂದನ್ನು ಮಾತ್ರ ಕಳಿಸುತ್ತಿತ್ತು. ಹಾಗಾಗಿ ಮೊದಲು ಮುಖ ಕಾಣಿಸುತ್ತಿತ್ತು, ಆಮೇಲೆ ದನಿ ಕೇಳಿಸುತ್ತಿತ್ತು. ಎರಡೂ ಒಟ್ಟಿಗೆ ಬಂದದ್ದು 1930ರ ಮಾರ್ಚ್ 30ಕ್ಕೆ. ಸಿನಿಮಾದ ಕನಸು ಅದಕ್ಕಿಂತ ಮುಂಚಿನದು! ನನಗೆ ಇದು ಇವತ್ತಿಗೂ ರೋಮಾಂಚನ.

ಈ ಸಿನಿಮಾ ಹುಡುಕಿಕೊಂಡು ಬರುವವರು ಜಾಸ್ತಿ ಹೆಸರಾಂತ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್‌ಗಾಗಿ ಬರ್ತಾರೆ. ಅವರು ತೆಗೆದದ್ದು ಕೆಲವು ಭಾಗ ಮಾತ್ರ. ಮುಖ್ಯ ನಿರ್ದೇಶಕ ಏಡ್ರಿಯನ್ ಬ್ರೂನೆಲ್. ನೀವು ಲಿಲಿ ಮಾರಿಸ್‌ಗಾಗಿ ಬನ್ನಿ ಅಂತ ನನ್ನ ಆಸೆ.

ಲಿಲಿ ಮ್ಯೂಸಿಕ್ ಹಾಲ್ ಕಲಾವಿದೆ. ದುಡಿಯುವ ಜನ ಸಂಜೆ ಹೊತ್ತು ಹೋಗಿ, ಹಾಡುಗಾರರ ಜೊತೆ ತಾವೂ ದನಿಗೂಡಿಸುತ್ತಿದ್ದ ರಂಗಮಂದಿರಗಳವು. ಆಗಲೇ ಸಿನಿಮಾ ಅವುಗಳ ಜಾಗ ಕಸಿಯುತ್ತಿತ್ತು. ಅಲ್ಲಿನ ಎಷ್ಟೋ ಜನರ ದನಿ ರೆಕಾರ್ಡುಗಳಲ್ಲಿ ಉಳಿದಿದೆ, ನಡೆ-ನೋಟ ಉಳಿದಿಲ್ಲ. ಇಲ್ಲಿ ಲಿಲಿ ಪೂರ್ತಿಯಾಗಿ ಸಿಗುತ್ತಾರೆ. ಪ್ರತಿ ಸಲವೂ ಮದುಮಗಳ ಗೆಳತಿಯಾಗಿಯೇ ನಿಲ್ಲುವ, ತಾನು ಮಾತ್ರ ಮದುಮಗಳಾಗದ ಹೆಂಗಸಿನ ಹಾಡನ್ನು ಅವರು ಹಾಡುತ್ತಾರೆ. ಹಣ ಕಮ್ಮಿ ಅಂತ ಅಲುಗಾಡದೆ ನಿಂತ ಕ್ಯಾಮೆರಾ ಇಲ್ಲಿ ನಮಗೆ ವರವಾಗಿದೆ. ಅವರ ಮುಖದಿಂದ ಕಾಲಿನವರೆಗೆ ಏನೂ ಬಿಟ್ಟುಹೋಗಿಲ್ಲ.

ಆ ಕಾಲುಗಳನ್ನೇ ನೋಡಿ ಈಗ.

(ಲಿಲಿ ಮಾರಿಸ್ ಕುಣಿತದ ತುಣುಕು)