ಬಾಗಲಕೋಟೆಯ ‘ಕೋ’

ಎಲ್ಲರಿಗೂ ನಮಸ್ಕಾರ. ನವನಗರದ ಈ ಸಭೆಯಲ್ಲಿ ಡಾಟಾ ಎಂಟ್ರಿಯ ಹುಡುಗ ಹುಡುಗಿಯರು, ಗುಮಾಸ್ತರು, ಮಾಸ್ತರರು ಕೂತಿದ್ದೀರಿ. ಯುನಿಕೋಡ್ ಅಂದರೆ ಲಿಪಿಗಳ ಅಕ್ಷರ, ಗುರುತುಗಳಿಗೆ ಒಂದೊಂದು ಸಂಖ್ಯೆ ಕೊಟ್ಟ ಪಟ್ಟಿ; ಅದನ್ನು ಬುಡದಿಂದ ಹೇಳುತ್ತ ಕೂಡುವುದಿಲ್ಲ. ಒಂದೇ ಅಕ್ಷರ ಹಿಡಿದು ಮಾತಾಡುತ್ತೇನೆ: ನಮ್ಮೂರ ಹೆಸರಿನ ನಡುವೆ ಇರುವ ‘ಕೋ’.

ಬಹಳ ವರ್ಷದ ಹಿಂದೆ ಒಂದು ಕಚೇರಿಯಲ್ಲಿ ಮುಳುಗಡೆ ಸಂತ್ರಸ್ತರ ಯಾದಿಯ ಕೆಲಸಕ್ಕೆ ನಾನಿದ್ದೆ. ಉರಿಬಿಸಿಲಲ್ಲಿ ಒಬ್ಬ ಅಜ್ಜ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಮಡಚಿ ಮಡಚಿ ಹರಿದ ಕಾಗದ. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗ ‘ಬಾಗಲಕೋಟೆ’ ಅಂತ ಹೊಡೆದು ಹುಡುಕಿದ. “ನಿಮ್ಮ ಹೆಸರು ಬರವಲ್ದರಿ ಅಜ್ಜಾರ.” ಅಜ್ಜ ಕೇಳಿದ: “ಹೋದ ವರ್ಷ ಇತ್ತಲ್ಲೋ ತಮ್ಮಾ. ನೀರಾಗ ಮನಿ ಹೋತು, ಈಗ ಹೆಸರೂ ಹೋತೇನು?” ಹುಡುಗನಿಗೆ ಉತ್ತರ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅಜ್ಜನಿಗೆ ಚಹಾ ತರಿಸಿ, ಯಾದಿಯನ್ನು ಮೇಲಿಂದ ಕೆಳಗೆ ಬೆರಳಿಟ್ಟು ಓದಿದೆವು. ಅಜ್ಜ ಇದ್ದ! ಹೆಸರಿನ ಮುಂದೆ ಊರೂ ಇತ್ತು, ಬಾಗಲಕೋಟೆ ಅಂತಲೇ.

ಹಾಗಾದರೆ ಕಂಪ್ಯೂಟರು ಯಾಕೆ ಇಲ್ಲ ಅಂದಿತು? ಅದು ಅಕ್ಷರ ನೋಡುವುದಿಲ್ಲ, ಬೈಟು ನೋಡುತ್ತದೆ. ಬೈಟು ಅಂದರೆ 0ಯಿಂದ 255ರೊಳಗಿನ ಒಂದು ಸಂಖ್ಯೆ.

ಯುನಿಕೋಡಿನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ ಜಾಗ. ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆದಿಡುವ ಒಂದು ಪದ್ಧತಿ ಯುಟಿಎಫ್-8; ಅದರಲ್ಲಿ ಇಲ್ಲಿನ ಪ್ರತಿ ಸಂಕೇತಕ್ಕೂ ಮೂರು ಬೈಟು. ‘ಕ’ ಅಂದರೆ 224, 178, 149. ಮೊದಲಿನ 224 ಬಂದ ಕೂಡಲೇ ಯಂತ್ರಕ್ಕೆ ತಿಳಿಯುತ್ತದೆ, ಇನ್ನೆರಡು ಹಿಂದೆ ಬರುತ್ತಿವೆ ಅಂತ. ಈಗ ‘ಕೋ’ಗೆ ಬನ್ನಿ. ‘ಕ’ದ ಮುಂದೆ ಓತ್ವವನ್ನು ಒಂದೇ ಸಂಕೇತವಾಗಿ ಇಡಬಹುದು: 224, 179, 139. ಇಲ್ಲವೇ ಕನ್ನಡ ಸಾಲೆಯಲ್ಲಿ ಪಾಟಿಯ ಮೇಲೆ ಬರೆದ ಹಾಗೆ ಎತ್ವ, ಕೊಂಬಿನ ಇಳಿ, ದೀರ್ಘ ಅಂತ ಮೂರು ಸಂಕೇತ ಜೋಡಿಸಬಹುದು. ಕಣ್ಣಿಗೆ ಎರಡೂ ಒಂದೇ. ಆದರೆ ಒಂದು ಬಾಗಲಕೋಟೆಗೆ 24 ಬೈಟು, ಇನ್ನೊಂದಕ್ಕೆ 30! ನಮ್ಮ ಯಾದಿಯ ಅರ್ಧ ಭಾಗ ಯುನಿಕೋಡ್ ಅಲ್ಲದ ಹಳೆಯ ಫಾಂಟಿನಿಂದ ಪರಿವರ್ತನೆಯಾಗಿ ಬಂದದ್ದು. ಆ ಫಾಂಟುಗಳಲ್ಲಿ ಅಕ್ಷರಗಳು ತುಂಡುತುಂಡಾಗಿ ಇರುತ್ತಿದ್ದವು. ಪರಿವರ್ತಿಸುವ ಪ್ರೋಗ್ರಾಮು ತುಂಡುಗಳನ್ನು ಹಾಗೇ ಸಾಲಾಗಿ ಇಟ್ಟುಬಿಟ್ಟಿತ್ತು. ಹುಡುಗ ಹೊಡೆದದ್ದು 24 ಬೈಟಿನದು, ಅಜ್ಜನ ಹೆಸರಿನ ಮುಂದೆ ಇದ್ದದ್ದು 30 ಬೈಟಿನದು; ಅದಕ್ಕೇ ಸಿಗಲಿಲ್ಲ.

ಇವೆರಡೂ ಸಮಾನ ಅಂತ ಯುನಿಕೋಡೇ ಹೇಳಿದೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ನಾರ್ಮಲೈಸೇಶನ್ ಅನ್ನುವುದು ಇದಕ್ಕೇ. ಪ್ರೋಗ್ರಾಮಿನಲ್ಲಿ ಒಂದು ಸಾಲಿನ ಕೆಲಸ. ಆ ಒಂದು ಸಾಲು ಬರೆಯದ್ದಕ್ಕೆ ಒಬ್ಬ ಮುದುಕ ಬಿಸಿಲಲ್ಲಿ ನಿಂತ. ನನಗೆ ಸಿಟ್ಟು ಬರುವುದು ಇದಕ್ಕೆ.

ಬಾದಾಮಿಗೆ ಹೋದವರು ಕಪ್ಪೆ ಅರಭಟ್ಟನ ಶಾಸನ ನೋಡಿರುತ್ತೀರಿ. ಸುಮಾರು ಕ್ರಿ.ಶ. 700ರ ಆ ಬಂಡೆಯ ತ್ರಿಪದಿಯಲ್ಲಿ ‘ಪೆಱನಲ್ಲ’ ಅನ್ನುವ ಮಾತಿದೆ. ನಾವು ಬಳಕೆಯಿಂದ ಬಿಟ್ಟ ಆ ‘ಱ’ಕ್ಕೂ ಜಾಗವಿದೆ, 224, 178, 177. ಹಳಗನ್ನಡದ ‘ೞ’ಕ್ಕೂ ಇದೆ; ಆದರೆ ಅದಕ್ಕೆ ತಪ್ಪಾಗಿ ‘ಫ’ ಅಂತ ಹೆಸರು ಬಿತ್ತು. ಒಮ್ಮೆ ಇಟ್ಟ ಹೆಸರು ಬದಲಿಸಬಾರದು ಅಂತ ಯುನಿಕೋಡಿನ ನಿಯಮ. ಹೀಗಾಗಿ ತಪ್ಪು ಹೆಸರು ಉಳಿದು, ಪಕ್ಕದಲ್ಲಿ ಸರಿಯಾದ ಅಡ್ಡಹೆಸರು ಸೇರಿತು. ನಮ್ಮ ಕಡೆ ಅಡ್ಡಹೆಸರಿಲ್ಲದ ಮನೆತನ ಇಲ್ಲವಲ್ಲ, ಅಕ್ಷರಕ್ಕೂ ಒಂದು ಬಂತು!

ಸಮಯ ಆಯಿತು ಅಂತ ಚೀಟಿ ಬಂದಿದೆ. ಇನ್ನೊಂದು ಮುಖ್ಯ. ‘ರಾಜ್‌ಕುಮಾರ’ ಅಂತ ಬರೆಯುವಾಗ ‘ಜ್’ ಮತ್ತು ‘ಕು’ ನಡುವೆ ಕಣ್ಣಿಗೆ ಕಾಣದ ಸಂಕೇತವೊಂದು ಇರುತ್ತದೆ, ಒತ್ತಕ್ಷರ ಆಗದಂತೆ ತಡೆಯಲಿಕ್ಕೆ. ಅದೂ ಮೂರು ಬೈಟು. ಒಬ್ಬರು ಹಾಕುತ್ತಾರೆ, ಒಬ್ಬರು ಬಿಡುತ್ತಾರೆ, ಮತ್ತೆ ಅದೇ ಕಥೆ. ನಾರ್ಮಲೈಸೇಶನ್ ಇದನ್ನು ತೆಗೆಯುವುದಿಲ್ಲ. ಹುಡುಕುವಾಗ ಬೇರೆಯಾಗಿ ಸೋಸಬೇಕು.

ನಿಮ್ಮ ಕಚೇರಿಯ ಯಾದಿ ತಂದವರಿದ್ದರೆ ಲ್ಯಾಪ್‌ಟಾಪ್ ಹಿಡಿದು ಮುಂದೆ ಬನ್ನಿ. ನಿಮ್ಮೂರ ಹೆಸರಿಗೆ ಎಷ್ಟು ಬೈಟು ಅಂತ ಇಲ್ಲೇ ಎಣಿಸೋಣ.